ಕಜ್ಜಿಯ ಮುಲಾಮು ಚರ್ಮದಲ್ಲೇ ನಿಲ್ಲಬೇಕು

ತೊಗರಿ ರಾಶಿ ಮುಗಿದರೆ ಯಾದಗಿರಿ, ಕಲಬುರಗಿ ಕಡೆಯ ಎಷ್ಟೋ ಮನೆಯವರು ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ತಗಡಿನ ಶೆಡ್ಡಿನಲ್ಲಿ ಒಂದೇ ಕೌದಿಯಡಿ ಮೂರ್ನಾಲ್ಕು ಮಕ್ಕಳು ಮಲಗಿರುತ್ತವೆ. ಒಬ್ಬರಿಗೆ ಹತ್ತಿದ ಕಜ್ಜಿ ಎಲ್ಲರಿಗೂ ಹತ್ತಲು ಇಷ್ಟು ಸಾಕು. ಮೊದಲ ಸಲ ಕಜ್ಜಿ ತರುವ ಪುಟ್ಟ ಹುಳ ಚರ್ಮಕ್ಕೆ ಹೊಕ್ಕವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ‘ರಾತ್ರಿ ಭಾಳ ತಿಂಡಿ (ತುರಿಕೆ) ಬಿಡ್ತದ್ರಿ’ ಎಂದು ದವಾಖಾನೆಗೆ ಬರುವ ಹೊತ್ತಿಗೆ ಅದು ಇಡೀ ಮನೆಯ ರೋಗವಾಗಿರುತ್ತದೆ.

1687ರಲ್ಲೇ ಇಟಲಿಯ ಬೊನೊಮೊ ಮತ್ತು ಚೆಸ್ಟೋನಿ ಸೂಕ್ಷ್ಮದರ್ಶಕದಲ್ಲಿ ಹುಳವನ್ನು ಕಂಡು, ಕಜ್ಜಿಗೆ ಇದೇ ಕಾರಣ ಎಂದು ಬರೆದಿದ್ದರು. ಒಳಗಿನ ರಸ ಕೆಟ್ಟು ಕಜ್ಜಿ ಏಳುತ್ತದೆಂದು ನಂಬಿದ್ದ ವೈದ್ಯರು ಒಪ್ಪಲಿಲ್ಲ. 1834ರಲ್ಲಿ ಕಾರ್ಸಿಕಾದ ವಿದ್ಯಾರ್ಥಿ ರೆನುಚ್ಚಿ ಪ್ಯಾರಿಸ್ಸಿನಲ್ಲಿ ರೋಗಿಯ ಚರ್ಮದಿಂದ ಹುಳ ತೆಗೆದು ತೋರಿಸಿದ ಮೇಲೆ ವಾದ ತಣ್ಣಗಾಯಿತು. ನಮ್ಮ ಹಳ್ಳಿಗಳಲ್ಲಿ ‘ರಕ್ತ ಕೆಟ್ಟದ’ ಎಂಬ ಮಾತು ಇನ್ನೂ ಉಳಿದಿದೆ. ಅದನ್ನು ನಂಬಿ ಮದ್ದು ತಡಮಾಡುವುದು ಮಕ್ಕಳಿಗೆ ಅಪಾಯ. ಕೆರೆದ ಗಾಯ ಕೀವಾದರೆ ಕೆಲವೊಮ್ಮೆ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ.

ಮದ್ದುಗಳಲ್ಲಿ ಗಂಧಕದ ಮುಲಾಮು ಬಹಳ ಹಳೆಯದು. ಬೆಂಜೈಲ್ ಬೆಂಜೋಯೇಟ್ ಕೆರೆದ ಮೈಗೆ ಉರಿ. ಆಮೇಲೆ ಬಂದ ಲಿಂಡೇನ್ ಹುಳವನ್ನು ಚೆನ್ನಾಗಿಯೇ ಕೊಂದಿತು, ಆದರೆ ಚರ್ಮ ದಾಟಿ ರಕ್ತಕ್ಕಿಳಿದು ಕೆಲವರಲ್ಲಿ ಫಿಟ್ಸ್ ತಂದಿತು. ಚಿಕ್ಕಮಕ್ಕಳಿಗೆ ಈ ಅಪಾಯ ಇನ್ನೂ ಹೆಚ್ಚು. ನನಗೆ ಈ ಇಡೀ ಚರಿತ್ರೆಯಲ್ಲಿ ಮುಖ್ಯವಾಗಿ ಕಾಣುವುದು ಲಿಂಡೇನಿನ ಪಾಠವೇ. ಹೆಣ್ಣು ಹುಳ ಬಿಲ ತೋಡಿ ಮೊಟ್ಟೆ ಇಡುವುದು ಚರ್ಮದ ತೀರಾ ಮೇಲಿನ ಸತ್ತ ಪದರದಲ್ಲಿ. ಮದ್ದು ಅಲ್ಲಿಗೆ ತಲುಪಬೇಕು, ಅಲ್ಲೇ ನಿಲ್ಲಬೇಕು. 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಶೇ. 5ರ ಪರ್ಮೆಥ್ರಿನ್ ಕ್ರೀಮು ರಕ್ತಕ್ಕಿಳಿಯುವುದು ಬಹಳ ಕಡಿಮೆ. ಅದಕ್ಕೇ ಇವತ್ತಿಗೂ ವೈದ್ಯರು ಮೊದಲು ಬರೆಯುವುದು ಅದನ್ನೇ. ಆದರೆ ಅದಕ್ಕೂ ಹುಳ ಬಗ್ಗುತ್ತಿಲ್ಲವೆಂಬ ವರದಿಗಳು ಹಲವು ದೇಶಗಳಿಂದ ಬರುತ್ತಿವೆ. ಕುರಿಗಾರರಿಗೂ ಪರಿಚಯವಿರುವ ಐವರ್ಮೆಕ್ಟಿನ್ ಗುಳಿಗೆ ಮೊಟ್ಟೆಯನ್ನು ಕೊಲ್ಲದು, ಎರಡನೇ ಡೋಸ್ ಬೇಕೇ ಬೇಕು, 15 ಕೆ.ಜಿ.ಗಿಂತ ಹಗುರವಾದ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ನ್ಯಾನೋ ವಾಹಕಗಳು, ಅಂದರೆ ಮದ್ದನ್ನು ಹೊತ್ತೊಯ್ಯುವ ಅತಿ ಸಣ್ಣ ಕಣಗಳು, ಬೇಕಾಗಿರುವುದು ಇಲ್ಲಿ. ಚರ್ಮದ ಮೇಲ್ಪದರ ಶಹಾಬಾದಿ ಕಲ್ಲಿನ ಗೋಡೆಯ ಹಾಗೆ: ಸತ್ತ ಕೋಶಗಳು ಕಲ್ಲು, ನಡುವಿನ ಕೊಬ್ಬು ಗಚ್ಚು. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್, ಕೊಬ್ಬಿನಂಶವನ್ನು ನೀರಿಗೆ ಹಾಕಿದರೆ ಅದು ತಾನೇ ಪುಟ್ಟ ಗುಳ್ಳೆಗಳಾಗುವುದನ್ನು ಕಂಡರು. ಆ ಗುಳ್ಳೆಗಳೇ ಲಿಪೋಸೋಮ್. 1980ರಲ್ಲಿ ಅದರಲ್ಲಿ ಮದ್ದು ತುಂಬಿ ಚರ್ಮಕ್ಕೆ ಹಚ್ಚಿ ನೋಡಿದ ಮೊದಲ ಪ್ರಯೋಗಗಳಲ್ಲೇ ಮದ್ದು ಚರ್ಮದಲ್ಲಿ ಹೆಚ್ಚು ಉಳಿದು, ಒಳಗೆ ಕಡಿಮೆ ಇಳಿಯಿತು. ಆಮೇಲೆ ಬಾಗುವ ಗುಳ್ಳೆಗಳು, ಗಟ್ಟಿ ಕೊಬ್ಬಿನ ಕಣಗಳು ಬಂದವು. ಕಣ ಇಡಿಯಾಗಿ ಚರ್ಮ ತೂರಿಹೋಗುತ್ತದೆಂಬ ಪ್ರಚಾರ ಬಹುಮಟ್ಟಿಗೆ ತಪ್ಪು. ಅದು ಗಚ್ಚಿನ ಕೊಬ್ಬಿನೊಂದಿಗೆ ಬೆರೆಯುತ್ತದೆ, ಕೂದಲಿನ ಬುಡದಲ್ಲಿ ಕೂಡಿ ಮದ್ದನ್ನು ನಿಧಾನವಾಗಿ ಬಿಡುತ್ತದೆ. ಮೊಟ್ಟೆ ಒಡೆಯಲು ಮೂರ್ನಾಲ್ಕು ದಿನ. ಅಷ್ಟು ದಿನ ಮದ್ದು ಅಲ್ಲಿ ನಿಂತರೆ ಮರಿಗಳೂ ಸಾಯುತ್ತವೆ, ಒಂದೇ ಸಲ ಹಚ್ಚಿದರೆ ಸಾಕಾಗಬಹುದು. ಪರ್ಮೆಥ್ರಿನ್, ಐವರ್ಮೆಕ್ಟಿನ್ ಎರಡರ ಮೇಲೂ ಪ್ರಯೋಗಾಲಯಗಳಲ್ಲಿ ಇಂಥ ಕೆಲಸ ನಡೆದಿದೆ. ಕಜ್ಜಿಯ ರೂಢಿಯ ಚಿಕಿತ್ಸೆಯಾಗಿ ಇನ್ನೂ ಬಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕಜ್ಜಿಯನ್ನು ಕಡೆಗಣಿತ ರೋಗಗಳ ಪಟ್ಟಿಗೆ ಸೇರಿಸಿದ್ದೇ 2017ರಲ್ಲಿ!

ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಆ ಬೆವರಿನಲ್ಲಿ ಕಣ ಕೆಡದೆ ನಿಲ್ಲುವುದೇ? ಫ್ರಿಜ್ಜಿಲ್ಲದ ಉಪಕೇಂದ್ರದ ಕಪಾಟಿನಲ್ಲಿ ಟ್ಯೂಬು ಉಳಿಯುವುದೇ? ಆರು ಜನರ ಮನೆಗೆ ಕೊಳ್ಳುವಷ್ಟು ಅಗ್ಗವಾಗುವುದೇ? ಹೊಸ ಮುಲಾಮನ್ನು ನಾನು ಅಳೆಯುವುದು ಈ ಪ್ರಶ್ನೆಗಳಿಂದಲೇ.

ಅಲ್ಲಿಯವರೆಗೆ ಇರುವ ಕ್ರೀಮನ್ನೇ ವೈದ್ಯರು ಹೇಳಿದಂತೆ ಬಳಸಬೇಕು: ಮನೆಯವರೆಲ್ಲ ಒಂದೇ ರಾತ್ರಿ, ತುರಿಕೆ ಇಲ್ಲದವರೂ ಸೇರಿ, ಕುತ್ತಿಗೆಯಿಂದ ಅಂಗಾಲಿನ ತನಕ, ಬೆರಳ ಸಂದಿ ಬಿಡದೆ ಹಚ್ಚಿ, 8ರಿಂದ 14 ತಾಸು ಬಿಟ್ಟು ತೊಳೆಯಬೇಕು. ವಾರದ ಮೇಲೆ ಮತ್ತೊಮ್ಮೆ. ಕೌದಿ ಒಗೆಯಲು ನೀರಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮೂರ್ನಾಲ್ಕು ದಿನ ಇಡಬಹುದು. ಮೈ ಬಿಟ್ಟ ಹುಳ ಸಾಮಾನ್ಯವಾಗಿ ಎರಡು–ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ.