ಒತ್ತು ಕದಲದ ಭಾಷೆಯಲ್ಲಿ ಪದ್ಯ ಕಟ್ಟುವ ಬಗೆ

ಚೆಕ್ ಭಾಷೆಯಲ್ಲಿ ‘ದ್ರಾಹ’ ಅಂದರೆ ಹಳಿ, ‘ದ್ರಹಾ’ ಅಂದರೆ ಪ್ರಿಯೆ. ನಮ್ಮ ಕಲ–ಕಾಲದ ಹಾಗೆ ಅಲ್ಲೂ ಸ್ವರ ಎಳೆದರೆ ಅರ್ಥವೇ ಬೇರೆ. ಆದರೆ ಎರಡೂ ಪದಗಳಲ್ಲಿ ಒತ್ತು (ಉಚ್ಚರಿಸುವಾಗ ಹಾಕುವ ಬಲ) ಬೀಳುವುದು ಮೊದಲ ಅಕ್ಷರದ ಮೇಲೆ. ದೀರ್ಘ ಎಲ್ಲೇ ಇರಲಿ, ಒತ್ತು ಕದಲದು.

ಹಾಗಾದರೆ ಛಂದಸ್ಸು ಯಾವುದನ್ನು ಎಣಿಸಬೇಕು? ಒತ್ತನ್ನು ಎಂದು ಚೆಕ್ ಭಾಷಾವಿದ್ವಾಂಸ ಯೋಸೆಫ್ ದೊಬ್ರೊವ್‌ಸ್ಕೀ 1795ರಲ್ಲಿ ವಾದಿಸಿದ್ದರು. 1818ರಲ್ಲಿ ಯುವ ವಿದ್ವಾಂಸರಾದ ಪಲತ್ಸ್ಕೀ ಮತ್ತು ಶಫರ್ಝೀಕ್ ಹೆಸರು ಹಾಕದೆ ಹೊರತಂದ ಪುಸ್ತಕ ಇದನ್ನು ಅಲ್ಲಗಳೆದು, ಗ್ರೀಕ್–ಲ್ಯಾಟಿನ್ ಮಾದರಿಯ ಗುರು-ಲಘು ಲೆಕ್ಕವನ್ನು ಎತ್ತಿಹಿಡಿಯಿತು. ಲಘು-ಗುರುವಿನಲ್ಲೇ ಪಳಗಿದ ನಮಗೆ ಈ ವಾದ ರುಚಿಸುವುದು ಸಹಜ. ಆದರೆ ಗಟ್ಟಿಯಾಗಿ ಓದಿದಾಗ ಲೆಕ್ಕದ ಗುರು ಒಂದು ಕಡೆ, ನಾಲಿಗೆಯ ಒತ್ತು ಇನ್ನೊಂದು ಕಡೆ. ಕೊನೆಗೆ ನಿಂತದ್ದು ದೊಬ್ರೊವ್‌ಸ್ಕೀ ಮಾತೇ.

ಒತ್ತು ಪದದ ತಲೆಗೇ ಅಂಟಿಕೊಂಡಿರುವುದರಿಂದ ಕವಿ ಆಡಿಸಬಹುದಾದದ್ದು ಪದಗಳ ಉದ್ದವನ್ನು ಮಾತ್ರ. ಒತ್ತು–ಸಡಿಲ, ಒತ್ತು–ಸಡಿಲ ಎಂಬ ನಡೆ ಸುಲಭ: ಎರಡಕ್ಷರದ ಪದಗಳನ್ನು ಜೋಡಿಸುತ್ತ ಹೋದರಾಯಿತು. ಮೂರಕ್ಷರದ ಪದ ನುಸುಳಿದರೆ ಅದರ ಬೆನ್ನಿಗೆ ಒಂದಕ್ಷರದ ಪದವೊಂದನ್ನು ಇಡಬೇಕು. ಇಲ್ಲದಿದ್ದರೆ ಮುಂದಿನ ಪದದ ಒತ್ತು ಸಡಿಲ ಜಾಗದಲ್ಲಿ ಬಿದ್ದು ನಡೆ ಕುಂಟುತ್ತದೆ.

ನಿಜವಾದ ಪರೀಕ್ಷೆ ಸಡಿಲ–ಒತ್ತು ನಡೆಯದ್ದು, ಅಂದರೆ ಅಯಾಂಬಿಕ್. ಸಾಲು ಸಡಿಲ ಅಕ್ಷರದಿಂದ ಶುರುವಾಗಬೇಕು. ಬಹ್ವಕ್ಷರದ ಯಾವ ಪದವೂ ಹಾಗೆ ಶುರುವಾಗುವುದಿಲ್ಲ! ಚೆಕ್ ಕವಿ ಕರೆಲ್ ಹಿನೆಕ್ ಮಾಖ 1836ರ ‘ಮಾಯ್’ ಕಾವ್ಯದ ಮೊದಲೆರಡು ಸಾಲುಗಳಲ್ಲೇ ಇದಕ್ಕೆ ಎರಡು ದಾರಿ ತೋರಿಸುತ್ತಾನೆ:

ಬಿಲ್ ಪೊಜ್ದ್ನೀ ವೆಚೆರ್ ಪೃವ್ನೀ ಮಾಯ್
ವೆಚೆರ್ನೀ ಮಾಯ್ ಬಿಲ್ ಲಾಸ್ಕಿ ಚಸ್

(ಇಳಿಸಂಜೆ, ಮೇ ಒಂದು, ಸಂಜೆಯ ಮೇ, ಒಲವಿನ ಕಾಲ.) ಮೊದಲ ಸಾಲಿನಲ್ಲಿ ಅಕ್ಷರಗಳ ಹಂಚಿಕೆ 1+2+2+2+1. ‘ಬಿಲ್’ ಎಂಬ ಪುಟ್ಟ ಕ್ರಿಯಾಪದ ಒತ್ತಿಲ್ಲದೆ ಹೊಸ್ತಿಲಾಗುತ್ತದೆ. ಆಮೇಲೆ ಪ್ರತಿ ಪದದ ತಲೆಯೂ ಸಮಸಂಖ್ಯೆಯ ಸ್ಥಾನಕ್ಕೆ (2, 4, 6, 8) ಬರುತ್ತದೆ. ಎರಡನೆಯದು ಮೂರಕ್ಷರದ ‘ವೆಚೆರ್ನೀ’ಯಿಂದ ಶುರು. ಒತ್ತು ತಪ್ಪು ಜಾಗದಲ್ಲೇ ಬಿತ್ತು, ಆದರೆ ನಾಲ್ಕನೆಯ ಅಕ್ಷರ ‘ಮಾಯ್’ ಹೊತ್ತಿಗೆ ಲಯ ಹಳಿಗೆ ಮರಳುತ್ತದೆ. ಚೆಕ್ ಕಿವಿ ಇದನ್ನು ತಪ್ಪೆಂದು ಎಣಿಸುವುದಿಲ್ಲ. ಸಾಲಿನ ನಡುವೆ ಹೀಗೆ ಮಾಡಿದರೆ ಮಾತ್ರ ಎಡವಿದಂತೆ ಕೇಳುತ್ತದೆ.

ಅಕ್ಷರ ಎಣಿಸುವಾಗಲೂ ಎಚ್ಚರ ಬೇಕು. ‘ಪೃವ್ನೀ’ಯಲ್ಲಿ ಚೆಕ್ ಬರಹದಂತೆ ಮೊದಲ ಅಕ್ಷರದಲ್ಲಿ ಸ್ವರವೇ ಇಲ್ಲ, ‘ರ್’ ಧ್ವನಿಯೇ ನಮ್ಮ ಋಕಾರದಂತೆ ಒಂದು ಅಕ್ಷರವನ್ನು ಹೊರುತ್ತದೆ.

ಹೊಸಬರು ಸಾಮಾನ್ಯವಾಗಿ ಸಿಕ್ಕಿಬೀಳುವುದು ಇನ್ನೊಂದು ಕಡೆ. ‘ಪ್ರಾಗ್‌ಗೆ’ ಅನ್ನಲು ‘ದೊ ಪ್ರಹಿ’ ಎನ್ನುತ್ತಾರೆ. ‘ದೊ’ ಒಂದೇ ಅಕ್ಷರದ್ದು, ಸಾಲು ಶುರುಮಾಡಲು ಸಡಿಲ ಪದ ಸಿಕ್ಕಿತು ಅನ್ನಿಸುತ್ತದೆ. ಆದರೆ ಇಂಥ ವಿಭಕ್ತಿಸೂಚಕ ಪದ ಮುಂದಿನದರ ಜೊತೆ ಬೆಸೆದುಕೊಂಡು ಒತ್ತನ್ನು ತಾನೇ ಕಿತ್ತುಕೊಳ್ಳುತ್ತದೆ. ಕೇಳುವುದು ‘ದೊಪ್ರಹಿ’ ಎಂಬ ಒಂದೇ ಮೂರಕ್ಷರದ ಪದ.