ವಂಶವೃಕ್ಷದಲ್ಲಿ ತಾಯಿಯ ಹೆಸರಿದೆಯೇ?

ಉಯಿಲು ಬರೆಯದೆ ತೀರಿಕೊಂಡ ಹಿಂದೂ ಗೃಹಸ್ಥರೊಬ್ಬರ ಸ್ವಯಾರ್ಜಿತ ಆಸ್ತಿಗೆ ವಾರಸುದಾರರು ಯಾರೆಂದು ಕೇಳಿದರೆ, ನನ್ನಲ್ಲಿಗೆ ಬರುವ ಹೆಚ್ಚಿನ ಕುಟುಂಬಗಳವರು ಹೆಂಡತಿ, ಮಕ್ಕಳು ಎಂದು ಹೇಳಿ ನಿಲ್ಲಿಸುತ್ತಾರೆ. ತೀರಿಕೊಂಡವರ ತಾಯಿ ಅದೇ ಮನೆಯಲ್ಲಿದ್ದರೂ ನಾಡಕಚೇರಿಗೆ ಸಲ್ಲಿಸಿದ ವಂಶವೃಕ್ಷದ ಅಫಿಡವಿಟ್‌ನಲ್ಲಿ ಅವರ ಹೆಸರು ಇರುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿಯೂ ಮೊದಲನೇ ದರ್ಜೆಯ ವಾರಸುದಾರರು. ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಮತ್ತು ತಾಯಿ ಇದ್ದರೆ ನಾಲ್ವರಿಗೂ ತಲಾ ಕಾಲು ಪಾಲು. ಮಗಳಿಗೆ ಮದುವೆಯಾಗಿದ್ದರೂ ಲೆಕ್ಕ ಬದಲಾಗದು. ತಂದೆ ಮಾತ್ರ ಎರಡನೇ ದರ್ಜೆಗೆ ಸೇರುತ್ತಾರೆ, ಅಂದರೆ ಮೊದಲನೇ ದರ್ಜೆಯವರು ಯಾರೂ ಇಲ್ಲದಿದ್ದರಷ್ಟೇ ಅವರ ಸರದಿ; ಇದನ್ನು ಕೇಳಿ ಅಚ್ಚರಿಪಡದವರು ಕಡಿಮೆ.

ನಾಮಿನಿಯ ಹೆಸರಿದ್ದರೆ ಸಾಕೆಂಬ ನಂಬಿಕೆಯೂ ಸರಿಯಲ್ಲ. ಷೇರುಗಳ ನಾಮಿನಿ ಅವುಗಳ ಒಡೆಯನಾಗುವುದಿಲ್ಲ, ವಾರಸುದಾರರ ಹಕ್ಕು ಉಳಿದೇ ಇರುತ್ತದೆ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಬ್ಯಾಂಕ್ ಠೇವಣಿಗೂ ಇದೇ ತತ್ವ. (ಜೀವವಿಮೆಗೆ 2015ರ ತಿದ್ದುಪಡಿ ಬೇರೆ ನಿಯಮ ತಂದಿದೆ.) ಸಿವಿಲ್ ನ್ಯಾಯಾಲಯ ನೀಡುವ ಉತ್ತರಾಧಿಕಾರ ಪ್ರಮಾಣಪತ್ರ ಠೇವಣಿ, ಷೇರು, ಬರಬೇಕಾದ ಸಾಲಗಳಿಗಷ್ಟೇ ಅನ್ವಯಿಸುತ್ತದೆ, ಮನೆ ಜಮೀನಿಗಲ್ಲ. ಜಮೀನಿಗೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾವಣೆ, ಮಾಡಿಸಬೇಕು, ಆದರೆ ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲ.

ತಾಯಿಯ ಪಾಲನ್ನು ಕಡೆಗಣಿಸಿದ್ದರ ಪರಿಣಾಮ ತಿಳಿಯುವುದು ಅವರೂ ತೀರಿಕೊಂಡ ಮೇಲೆ. ಅವರು ವಿಧವೆಯಾಗಿ ಉಯಿಲು ಬರೆಯದೆ ಹೋದರೆ ಆ ಕಾಲು ಪಾಲು ಅವರ ಬದುಕಿರುವ ಮಕ್ಕಳಿಗೂ, ಮೊದಲೇ ತೀರಿಕೊಂಡ ಮಗನ ಮಕ್ಕಳಿಗೂ ಹಂಚಿಹೋಗುತ್ತದೆ. ಅಂದರೆ ಸೊಸೆ ತನ್ನ ಗಂಡ ಕಟ್ಟಿಸಿದ ಮನೆಯನ್ನು ಮಾರಲು ಹೊರಟಾಗ ಮೈದುನ, ನಾದಿನಿಯರ ಸಹಿಯೂ ಬೇಕಾಗುತ್ತದೆ. ಹಕ್ಕು ಪರಿಶೀಲಿಸುವ ಬ್ಯಾಂಕಿನ ವಕೀಲರು ಇದನ್ನು ಹಿಡಿದೇ ಹಿಡಿಯುತ್ತಾರೆ, ಅಷ್ಟರಲ್ಲಿ ಕೊಳ್ಳುವವರು ಮುಂಗಡ ಕೊಟ್ಟಾಗಿರುತ್ತದೆ.

ಆದ್ದರಿಂದ ಅಜ್ಜಿಯ ಪಾಲಿನ ಮಾತನ್ನು ಅವರು ಇರುವಾಗಲೇ ಆಡಿಕೊಳ್ಳುವುದು ಲೇಸು. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನವೇ ಅವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಆ ಪಾಲು ಅವರಿಗೆ ಬೇಕಾದರೆ ಅದು ಅವರದೇ. ಬಿಟ್ಟುಕೊಡುವ ಮನಸ್ಸಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಬೇಕು, ಛಾಪಾ ಕಾಗದದ ಮೇಲೆ ಮನೆಯಲ್ಲೇ ಬರೆಸಿಕೊಂಡ ಒಪ್ಪಿಗೆಯಿಂದ ಮನೆ ಜಮೀನಿನ ಹಕ್ಕು ವರ್ಗವಾಗದು.