ಗೋಬಿಯ ಕೆಂಪು: ಯಾವುದಕ್ಕೆ ಅನುಮತಿ, ಯಾವುದಕ್ಕಿಲ್ಲ?

"ಗೋಬಿ ಬ್ಯಾನ್ ಆಗ್ಯಾದಲ್ರಿ?" ಕಲಬುರಗಿಯ ಬಂಡಿಗಳ ಮುಂದೆ ಈ ಪ್ರಶ್ನೆ ಇನ್ನೂ ಮುಗಿದಿಲ್ಲ. ಬ್ಯಾನ್ ಆಗಿರುವುದು ಗೋಬಿಯಲ್ಲ, ಅದಕ್ಕೆ ಹಾಕುವ ಕೃತಕ ಬಣ್ಣ.

ಕೃತಕ ಬಣ್ಣ ಹುಟ್ಟಿದ್ದು 19ನೇ ಶತಮಾನದಲ್ಲಿ, ಮೊದಲು ಬಟ್ಟೆಗೆ, ಆಮೇಲೆ ತಿನಿಸಿಗೆ. ನಮ್ಮಲ್ಲಿ 1954ರಲ್ಲಿ ಕಲಬೆರಕೆ ತಡೆ ಕಾಯ್ದೆ ಬಂತು, 2006ರಲ್ಲಿ ಆಹಾರ ಸುರಕ್ಷತೆ ಕಾಯ್ದೆ, 2011ರಲ್ಲಿ ಅದರ ನಿಯಮಗಳು. ಪೊನ್ಸೊ 4ಆರ್, ಕಾರ್ಮೊಯಿಸಿನ್, ಎರಿಥ್ರೊಸಿನ್ ಎಂಬ ಕೆಂಪುಗಳು ಅನುಮತಿ ಪಟ್ಟಿಯಲ್ಲಿವೆ.

ಗಂಟು ಬಿದ್ದಿರುವುದು ಇಲ್ಲೇ. ಪಟ್ಟಿಯಲ್ಲಿದೆ ಅಂತ ಎಲ್ಲದಕ್ಕೂ ಹಾಕುವಂತಿಲ್ಲ. ಐಸ್‌ಕ್ರೀಂ, ಬಿಸ್ಕತ್ತು, ಸಿಹಿತಿಂಡಿ, ಶರಬತ್ತಿನಂಥವಕ್ಕೆ ಮಾತ್ರ. ಅದೂ ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ, ಅಂದರೆ 10 ಕಿಲೋ ತಿನಿಸಿಗೆ 1 ಗ್ರಾಂ ಪುಡಿ. ಒಂದು ಕಡೆ ಕಾದ ಎಣ್ಣೆ, ಎದುರಿಗೆ ಗಿರಾಕಿ. ಕಲಸಿದ ಹಿಟ್ಟಿಗೆ ಚಿಟಿಕೆಯಲ್ಲಿ ಪುಡಿ ಉದುರಿಸುವ ಕೈಗೆ ಆ ಲೆಕ್ಕ ಎಲ್ಲಿ ಸಿಗಬೇಕು? 'ಫುಡ್ ಕಲರ್' ಎಂದು ಬರೆದ ಡಬ್ಬಿ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಅದು ಗೋಬಿಗಲ್ಲ ಅಂತ ಬಂಡಿಯವರಿಗೆ ಯಾರೂ ಕೂತು ತಿಳಿಸಿ ಹೇಳಿದಂತೆ ಕಾಣುವುದಿಲ್ಲ.

ರೊಡಮೈನ್-ಬಿ ಕಥೆಯೇ ಬೇರೆ. ಅದು ಬಟ್ಟೆ, ಕಾಗದದ ಬಣ್ಣ. ಯಾವ ತಿನಿಸಿಗೂ ಅನುಮತಿಯಿಲ್ಲ. ಅದು ಬಾಂಬೆ ಮಿಠಾಯಿಯಲ್ಲಿ ಸಿಕ್ಕಿದ್ದರಿಂದ 2024ರ ಫೆಬ್ರವರಿಯಲ್ಲಿ ಪುದುಚೇರಿ, ತಮಿಳುನಾಡುಗಳು ಆ ಮಿಠಾಯಿ ನಿಷೇಧಿಸಿದವು. ಮಾರ್ಚ್ 11ರಂದು ಗೋಬಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದೆಂದು ಕರ್ನಾಟಕದ ಆದೇಶ ಬಂತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107, ಬಾಂಬೆ ಮಿಠಾಯಿಯ 25ರಲ್ಲಿ 15 ಸುರಕ್ಷಿತವಾಗಿರಲಿಲ್ಲ. ಬಣ್ಣವಿಲ್ಲದ ಬಿಳಿ ಮಿಠಾಯಿಗೆ ಅಡ್ಡಿಯಿಲ್ಲ. ಜೂನ್‌ನಲ್ಲಿ ಕಬಾಬ್‌ನ ಬಣ್ಣಕ್ಕೂ ತಡೆ ಬಿತ್ತು. ನಿಯಮ ಮೀರಿದರೆ 7 ವರ್ಷದಿಂದ ಜೀವಾವಧಿವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಎಂದು ಸರ್ಕಾರ ಎಚ್ಚರಿಸಿತು. ಇಷ್ಟು ದೊಡ್ಡ ಶಿಕ್ಷೆಯ ಹೆದರಿಕೆ ಮೊದಲು ತಟ್ಟುವುದು ಬಂಡಿಯವರಿಗೇ. ಪುಡಿ ತಯಾರಾದಲ್ಲಿಂದ ಅವರ ಕೈ ಸೇರುವವರೆಗೂ ಅಷ್ಟೇ ಬಿಗಿ ತಪಾಸಣೆ ಬೇಕಲ್ವಾ?

2025ರ ಜನವರಿಯಲ್ಲಿ ಅಮೆರಿಕ ಎರಿಥ್ರೊಸಿನ್‌ಗೆ ಕೊಟ್ಟಿದ್ದ ಅನುಮತಿ ವಾಪಸ್ ಪಡೆಯಿತು. ಗೊಂದಲ ಇನ್ನೂ ಜಾಸ್ತಿಯಾಯಿತು. ಅನುಮತಿ ವಾಪಸ್ ಪಡೆಯಲು ಕಾರಣ, ಗಂಡು ಇಲಿಗಳಲ್ಲಿ ಕಂಡ ಕ್ಯಾನ್ಸರ್. ಇಲಿಯಲ್ಲಿ ಅದು ಆಗುವ ರೀತಿ ಮನುಷ್ಯರಲ್ಲಿ ಇಲ್ಲ ಎಂದೂ ಅಲ್ಲಿನ ಇಲಾಖೆಯೇ ಹೇಳಿದೆ. ನಮ್ಮ ಗೋಬಿಯ ನಿಯಮಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೆಂಪು ಬೇಕೇ ಬೇಕು ಅಂದರೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕಬಹುದು. ಖಾರ ಕಡಿಮೆ, ಬಣ್ಣ ಚೆನ್ನ. ಖರ್ಚು ಮಾತ್ರ ಜಾಸ್ತಿ. ಕರಿದ ಮೇಲೆ ಸ್ವಲ್ಪ ಕಂದಾಗುತ್ತದೆ. ಅಂಥ ಗೋಬಿ ಪ್ಲೇಟಿಗೆ ಬಂದರೆ ಹಳೆಯದು ಅಂದುಕೊಂಡು ವಾಪಸ್ ಕೊಡಬೇಡಿ.